ಓದುಗರ ಪ್ರಶ್ನೆ: ಪುಟ್ಟ ಕೆರೆಯ ಏರಿಗೆ ಇಷ್ಟೊಂದು ತಪಾಸಣೆ ಯಾಕೆ?

ಪ್ರಶ್ನೆ: ದೋಣಿ ಬಿಡೋಕೆ, ಮೀನು ಹಿಡಿಯೋಕೆ ಅಂತ ನಾವು ಕೆಲವು ಮನೆಯವರು ಸೇರಿ ಒಂದು ಪುಟ್ಟ ಕೆರೆ ನೋಡಿಕೊಳ್ಳುತ್ತಿದ್ದೇವೆ. ಮಣ್ಣಿನ ಏರಿ, ಎಂಟು ಮೀಟರ್ ಎತ್ತರ ಇರಬಹುದು. ತಪಾಸಣೆಗೆ ಬಂದವರು ಅದನ್ನು 'ಹೆಚ್ಚು ಅಪಾಯ'ದ ಪಟ್ಟಿಗೆ ಸೇರಿಸಿದ್ದಾರೆ. ಏರಿಯಲ್ಲಿ ಒಂದು ಬಿರುಕೂ ಇಲ್ಲ. ಇದು ಜಾಸ್ತಿ ಆಯ್ತು ಅಲ್ವಾ?

ಉತ್ತರ: ಜಾಸ್ತಿ ಆಗಿಲ್ಲ. ಏರಿ ಗಟ್ಟಿ ಇದೆಯಾ ಇಲ್ಲವಾ ಅನ್ನೋದಕ್ಕೂ ಆ ಪಟ್ಟಿಗೂ ಸಂಬಂಧ ಇಲ್ಲ. ಒಡೆದರೆ ಕೆಳಗಿನವರಿಗೆ ಏನಾಗುತ್ತದೆ ಅನ್ನೋದೊಂದೇ ಅಲ್ಲಿನ ಲೆಕ್ಕ. ನಿನ್ನೆ ಕಟ್ಟಿ ಮುಗಿಸಿದ ಏರಿಯಾದರೂ ಸರಿ, ನೀರು ಹರಿಯುವ ದಾರಿಯಲ್ಲಿ ಜನ ಮಲಗುವ ಮನೆಗಳಿದ್ದರೆ ಅದು ಅದೇ ಪಟ್ಟಿಗೆ ಹೋಗುತ್ತದೆ. ಕೆರೆ ಕಟ್ಟಿದಾಗ ಕೆಳಗೆ ಬರೀ ಹೊಲ ಇದ್ದು ಆಮೇಲೆ ಮನೆಗಳು ಎದ್ದರೆ, ಏರಿಯನ್ನು ಯಾರೂ ಮುಟ್ಟದಿದ್ದರೂ ವರ್ಗ ಬದಲಾಗುತ್ತದೆ.

ಚಿಕ್ಕದು ಅಂತ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೊವಾದಲ್ಲಿದ್ದ ಕೆಲ್ಲಿ ಬಾರ್ನ್ಸ್ ಅಣೆಕಟ್ಟೆಯನ್ನು ನೋಡಿ. ಸುಮಾರು 12 ಮೀಟರ್ ಎತ್ತರದ ಮಣ್ಣಿನ ಕಟ್ಟೆ. ಮೊದಲು ಅಲ್ಲಿ ವಿದ್ಯುತ್ ತಯಾರಿಸುತ್ತಿದ್ದರು, ಅದು ನಿಂತ ಮೇಲೆ ಕೆರೆ ಬರೀ ವಿಹಾರಕ್ಕೆ ಉಳಿಯಿತು. 1977ರ ನವೆಂಬರ್ 6ರಂದು, ಮಳೆಯ ನಡುವೆ, ನಡುರಾತ್ರಿ ಕಳೆದ ಮೇಲೆ ಒಡೆಯಿತು. ಕೆಳಗೆ ಕಾಲೇಜಿನ ಆವರಣ ಇತ್ತು. 39 ಜನ ಸತ್ತರು. ಮಲಗಿದ್ದವರು ಎದ್ದು ಓಡೋಕೆ ಎಷ್ಟು ಹೊತ್ತು ಸಿಕ್ಕಿರಬಹುದು, ಯೋಚಿಸಿ. ಇದಾದ ಮೇಲೆಯೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಕೇಂದ್ರ ಸರ್ಕಾರದ ಕೈಯಲ್ಲಿಲ್ಲದ, ಅಪಾಯ ಹೆಚ್ಚಿರುವ ಕಟ್ಟೆಗಳನ್ನು ಸೇನೆಯ ಎಂಜಿನಿಯರುಗಳಿಂದ ತಪಾಸಣೆ ಮಾಡಿಸಿದರು.

ಪ್ರಶ್ನೆ: ಏರಿ ಮೇಲಿನ ಮರ ಕಡಿಯಿರಿ ಅನ್ನುತ್ತಾರೆ. ಬೇರು ಮಣ್ಣು ಹಿಡಿದುಕೊಳ್ಳುತ್ತದೆ ಅಂತಲೇ ನಾವು ಬೆಳೆಸಿದ್ದು.

ಉತ್ತರ: ಗುಡ್ಡದ ಇಳಿಜಾರಿನಲ್ಲಿ ಅದು ನಿಜ. ಏರಿಯಲ್ಲಿ ಒಂದು ಕಡೆ ನೀರು ಒತ್ತುತ್ತಾ ಇರುತ್ತದೆ, ಹಾಗಾಗಿ ಲೆಕ್ಕ ಬೇರೆ. ಸತ್ತ ಬೇರು ಕೊಳೆತರೆ ಆ ಜಾಗ ನೀರಿಗೆ ದಾರಿ. ಬಿರುಗಾಳಿಗೆ ದೊಡ್ಡ ಮರ ಬುಡಸಮೇತ ಬಿದ್ದರೆ ಏರಿಯ ಒಂದು ದೊಡ್ಡ ತುಂಡನ್ನೇ ಕಿತ್ತುಕೊಂಡು ಹೋಗುತ್ತದೆ. ಪೊದೆ ಬೆಳೆದರೆ ಹೆಗ್ಗಣದ ಬಿಲವೂ ಕಾಣದು, ಸೋರಿಕೆಯೂ ಕಾಣದು. ಹುಲ್ಲು ಸಾಕು, ಅದನ್ನು ಗಿಡ್ಡವಾಗಿ ಕತ್ತರಿಸುತ್ತಿರಿ. ಆದರೆ ಈಗಾಗಲೇ ದೊಡ್ಡದಾದ ಮರಗಳನ್ನು ಸುಮ್ನೆ ಕಡಿದು ಬಿಟ್ಟರೆ ಒಳಗೆ ಬೇರು ಕೊಳೆಯುತ್ತದೆ, ಅದಕ್ಕೇ ಎಂಜಿನಿಯರನ್ನು ಕೇಳದೆ ಕೈಹಾಕಬೇಡಿ.

ಪ್ರಶ್ನೆ: ಏರಿಯ ಹಿಂಬದಿ ಬುಡದಲ್ಲಿ ಯಾವಾಗಲೂ ಒದ್ದೆ. ಜೇಡಿಮಣ್ಣು ಹಾಕಿ ಮುಚ್ಚಿಬಿಡಲಾ?

ಉತ್ತರ: ಬೇಡ, ದಯವಿಟ್ಟು ಮುಚ್ಚಬೇಡಿ! ಮಣ್ಣಿನ ಏರಿಗಳಲ್ಲಿ ಸ್ವಲ್ಪ ಜಿನುಗುವುದು ಸಹಜ. ತಿಳಿಯಾಗಿ, ಪ್ರತಿ ವಾರ ಅಷ್ಟೇ ಪ್ರಮಾಣದಲ್ಲಿ ಬರುತ್ತಿದ್ದರೆ ಅಳೆದು ಬರೆದಿಡಿ. ನೀರಿನ ಮಟ್ಟ ಅಷ್ಟೇ ಇದ್ದೂ ಜಿನುಗು ಹೆಚ್ಚಾದರೆ, ಅಥವಾ ಕದಡಿದ ನೀರು ಬಂದರೆ, ಅದು ಒಳಗಿನ ಮಣ್ಣನ್ನು ಕಣಕಣವಾಗಿ ಹೊತ್ತು ತರುತ್ತಿದೆ ಅಂತ ಅರ್ಥ. ಹೊರಗಿನಿಂದ ಶುರುವಾದ ಕೊಳವೆ ಒಳಗೊಳಗೇ ಕೆರೆಯ ಕಡೆಗೆ ಬೆಳೆಯುತ್ತಾ ಹೋಗುತ್ತದೆ, ಕೆರೆಗೆ ಮುಟ್ಟಿತೋ, ಗಂಟೆಗಳಲ್ಲಿ ಎಲ್ಲ ಮುಗಿಯಬಹುದು. ಹೊರಗಿನ ಬಾಯಿಗೆ ಜೇಡಿ ಮೆತ್ತಿದರೆ ನೀರು ನಿಲ್ಲುವುದಿಲ್ಲ, ಒಳಗೆ ಒತ್ತಡ ಏರಿ ಬೇರೆ ಕಡೆ ಒಡೆದು ಬರುತ್ತದೆ. ಎಂಜಿನಿಯರುಗಳು ಅಲ್ಲಿ ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಕಿಸುತ್ತಾರೆ. ನೀರು ಹೊರಗೆ ಬರಲಿ, ಮಣ್ಣು ಮಾತ್ರ ಒಳಗೇ ಉಳಿಯಲಿ ಅಂತ. ಕದಡಿದ ನೀರು ಕಂಡ ಗಳಿಗೆಯಲ್ಲೇ ಕೆಳಗಿನ ಮನೆಯವರಿಗೆ, ಅಧಿಕಾರಿಗಳಿಗೆ ಫೋನ್ ಮಾಡಿ. ಖಾತ್ರಿ ಆಗಲಿ ಅಂತ ಕಾಯಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಸಾಕಿದ ಮೀನೆಲ್ಲ ಕೋಡಿ ದಾಟಿ ಹೋಗುತ್ತದೆ. ಜಾಲರಿ ಹಾಕಬಹುದಾ?

ಉತ್ತರ: ಹಾಕಬೇಡಿ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕೆರೆಯನ್ನು ಶ್ರೀಮಂತರ ಕ್ಲಬ್ ಒಂದು ಮೋಜಿಗೆ ಕೊಂಡುಕೊಂಡಿತ್ತು. ಬುಡದ ತೂಬಿನ ಕೊಳವೆಗಳನ್ನು ಹಿಂದಿನವರೇ ಕಿತ್ತು ಮಾರಿದ್ದರು, ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲಿ ಅಂತ ಏರಿಯ ನೆತ್ತಿ ತಗ್ಗಿಸಿದರು, ಮೀನು ಹೋಗದಿರಲಿ ಅಂತ ಕೋಡಿಗೆ ಜಾಲರಿ ಕಟ್ಟಿದರು. 1889ರ ಮೇ 31ರ ಮಳೆಗೆ ಜಾಲರಿಯಲ್ಲಿ ಕಸ ಕಟ್ಟಿಕೊಂಡಿತು, ನೀರು ಏರಿಯ ಮೇಲೇ ಹತ್ತಿ ಹರಿಯಿತು. ಕೆಳಗಿನ ಜಾನ್ಸ್‌ಟೌನ್ ಕಡೆ ಸತ್ತವರು 2,209. ಮಣ್ಣಿನ ಏರಿಗೆ ಇದೊಂದು ಆಗಲೇಬಾರದು. ನೆತ್ತಿ ದಾಟಿದ ನೀರು ಹಿಂಬದಿಯ ಮಣ್ಣನ್ನು ಕೊರೆಯುತ್ತಲೇ ಹೋಗುತ್ತದೆ. ಕೋಡಿ ಬೀಳುವಾಗ ಮೀನು ಹೋದರೆ ಹೋಗಲಿ. ಇನ್ನೊಂದು ಕೆರೆಯಿಂದ ಮರಿ ತಂದು ಬಿಟ್ಟುಕೊಳ್ಳಬಹುದು.

ಪ್ರಶ್ನೆ: ಇಷ್ಟು ಚಿಕ್ಕ ಕಟ್ಟೆಗೆ ಕಾನೂನು ಅನ್ವಯಿಸುತ್ತದಾ?

ಉತ್ತರ: ದೇಶದಿಂದ ದೇಶಕ್ಕೆ ಬೇರೆ. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ ಅನ್ವಯಿಸುತ್ತದೆ, 10ರಿಂದ 15 ಮೀಟರಿನವು ಕೆಲವು ಷರತ್ತಿನ ಮೇಲೆ ಸೇರುತ್ತವೆ. ಇಂಗ್ಲೆಂಡಿನಲ್ಲಿ ಎತ್ತರ ನೋಡುವುದಿಲ್ಲ, ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರ್ ನೀರು ನಿಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ. ವೇಲ್ಸ್ ಅದನ್ನು 10,000ಕ್ಕೆ ಇಳಿಸಿದೆ, ನನ್ನ ಪ್ರಕಾರ ಅದೇ ಸರಿ. ಎಲ್ಲೂ ಹೆಸರಿಲ್ಲದ ಏರಿಯ ಬಗ್ಗೆಯೇ ನನಗೆ ಜಾಸ್ತಿ ಭಯ, ಯಾಕಂದರೆ ಅದನ್ನು ನೋಡೋಕೆ ಯಾರೂ ಬರುವುದಿಲ್ಲ. ನಿಮ್ಮದು ಹಾಗಿದ್ದರೆ ನೀವೇ ಹಣ ಹಾಕಿ ಅಣೆಕಟ್ಟೆ ಗೊತ್ತಿರುವ ಎಂಜಿನಿಯರನ್ನು ಕರೆಸಿ, ತೂಬನ್ನು ಆಗಾಗ ತೆರೆದು ಮುಚ್ಚಿ ನೋಡಿ, ಕೆಳಗಿನ ಪ್ರತಿ ಮನೆಯ ಫೋನ್ ನಂಬರ್ ಬರೆದು ಇಬ್ಬರು ಮೂವರ ಹತ್ತಿರ ಇಡಿ. ಸಂಘದ ಮುಂದಿನ ಸಭೆಯಲ್ಲಿ ದೋಣಿ ರಿಪೇರಿಗಿಂತ ಮೊದಲು ಈ ಖರ್ಚಿನ ಮಾತು ಎತ್ತಿ.