ತಪ್ಪು ಉತ್ತರ ಬಂದಾಗ ಬಾಯಿ ಬಿಗಿ ಹಿಡಿಯುವುದೇ ಕಷ್ಟ

ಗುಂಪಿನಲ್ಲಿ ಮಕ್ಕಳು ಪ್ರಯೋಗ ಮಾಡಿ ತಪ್ಪು ತೀರ್ಮಾನಕ್ಕೆ ಬಂದರೆ ತಕ್ಷಣ ತಿದ್ದಬೇಕೇ ಎಂದು ಕೇಳಿದ್ದೀರಿ. ಬೇಡ ಎನ್ನುತ್ತೇನೆ, ಆದರೆ ಸುಮ್ಮನೆ ಬಿಟ್ಟುಬಿಡುವುದೂ ಬೇಡ.

ನನ್ನ ಬೋಧನಾಭ್ಯಾಸದಲ್ಲಿ ಲೋಲಕದ ಪಾಠ ಬಂದಿತ್ತು. 25 ಸೆಂಟಿಮೀಟರ್ ದಾರಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿ ತೂಗಿಬಿಟ್ಟರೆ ಹತ್ತು ಆಂದೋಲನಕ್ಕೆ, ಅಂದರೆ ಹತ್ತು ಸಲ ಅತ್ತ ಹೋಗಿ ಇತ್ತ ಬರಲು, ಹೆಚ್ಚುಕಡಿಮೆ 10 ಸೆಕೆಂಡು. ಒಂದು ಗುಂಪು ನಾಲ್ಕು ನಟ್ಟು ಕಟ್ಟಿ 11 ಸೆಕೆಂಡು ಎಂದು ಬರೆದು, 'ತೂಕ ಹೆಚ್ಚಾದರೆ ನಿಧಾನ' ಎಂದು ತೀರ್ಪು ಕೊಟ್ಟೇಬಿಟ್ಟಿತು. ಸಮಯ ಬದಲಾಗುವುದು ಲೋಲಕದ ಉದ್ದದಿಂದ, ತೂಕದಿಂದಲ್ಲ ಎಂಬ ಸರಿಯುತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಿಂದೆ ಮಾರ್ಗದರ್ಶಕರು ಬೇರೆ ಕುಳಿತಿದ್ದರು!

ಹತ್ತಿರ ಹೋಗಿ ನೋಡಿದರೆ ನಟ್ಟುಗಳನ್ನು ಒಂದರ ಕೆಳಗೊಂದು ಜೋತುಬಿಟ್ಟಿದ್ದರು. ಭಾರದ ಕೇಂದ್ರ ಕೆಳಗಿಳಿದು ಲೋಲಕವೇ ಉದ್ದವಾಗಿತ್ತು. 'ಉದ್ದವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದಿರಿ?' ಎಂದಷ್ಟೇ ಕೇಳಿದೆ. ಅದುವರೆಗೆ ತುಟಿ ಎರಡು ಮಾಡದೆ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದ ಹುಡುಗಿ ದಾರವನ್ನು ಬೆರಳಿನಿಂದ ಸವರುತ್ತಾ ಬಂದು, ಮೊದಲ ನಟ್ಟಿನ ಹತ್ತಿರ ನಿಂತಳು. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಮತ್ತೆ ತೂಗಿದರು. ಮತ್ತೆ 10 ಸೆಕೆಂಡಿನ ಆಸುಪಾಸು.

ಇದಕ್ಕೇ ಅರ್ಧ ಅವಧಿ ಹೋಯಿತು, ಪಾಠ ಯೋಜನೆಯ ಕೊನೆಯ ಭಾಗ ಹಾಗೆಯೇ ಉಳಿಯಿತು. ನನಗೇನೂ ಬೇಸರವಿಲ್ಲ. ಬೇಸರವಿರುವುದು ಐವರ ಗುಂಪು ಮಾಡಿದ್ದಕ್ಕೆ: ಇಬ್ಬರು ದುಡಿದರು, ಮೂವರು ನೋಡಿದರು. ನೀವು ಮೂವರಿಗೇ ನಿಲ್ಲಿಸಿ. ಪ್ರಯೋಗವನ್ನು ಹಿಂದಿನ ದಿನ ನೀವೇ ಮಾಡಿ, ಬೇಕೆಂದೇ ಕೆಡಿಸಿಯೂ ನೋಡಿಕೊಳ್ಳಿ. ಯಾವ ಪ್ರಶ್ನೆ ಕೇಳಬೇಕೆಂಬುದು ಅಲ್ಲಿಯೇ ಸಿಗುತ್ತದೆ.