ಬಿದ್ರಿ ಕೆಲಸ ಮಾಡುವಾಗ ಕಥೆ ಕೇಳಬಹುದಾ?

ಪ್ರಶ್ನೆ: ಬಿದ್ರಿ ಕೆಲಸ ಮಾಡುತ್ತೇನೆ, ಅಂದರೆ ಲೋಹದ ಪಾತ್ರೆ ಮೇಲೆ ಬೆಳ್ಳಿ ತಂತಿಯ ಚಿತ್ತಾರ ಕೂರಿಸುವ ಕಸುಬು. ದಿನವಿಡೀ ಒಂದೇ ಥರದ ಕೆಲಸ, ಬೇಜಾರು ಬರುತ್ತದೆ. ಅದಕ್ಕೆ ಇಯರ್‌ಫೋನ್‌ನಲ್ಲಿ ಕಥೆ, ಹಾಡು ಕೇಳುತ್ತೇನೆ. ಗಮನ ತಪ್ಪುತ್ತದೆ ಅಂತ ಮನೆಯವರು ಬೈಯುತ್ತಾರೆ. ನಿಲ್ಲಿಸಬೇಕಾ?
– ಓದುಗ, ಬೀದರ್

ಉತ್ತರ: ಖಂಡಿತ ನಿಲ್ಲಿಸಬೇಡಿ. ಆದರೆ ಯಾವ ಕೆಲಸಕ್ಕೆ ಏನು ಕೇಳುತ್ತೀರಿ ಅನ್ನೋದು ಮುಖ್ಯ. ಹೊಸ ನಕ್ಷೆ ಬರೆದು ಉಳಿಯಿಂದ ಗೀರು ಕೊರೆಯುವಾಗ ಕಥೆ ಬೇಡ, ಕಣ್ಣು ಕೈ ಎರಡೂ ಅಲ್ಲೇ ಇರಬೇಕು. ಬೇಕಿದ್ದರೆ ಮಾತಿಲ್ಲದ ಸಂಗೀತ ಮೆಲ್ಲಗೆ ಹಾಕಿಕೊಳ್ಳಿ. ಕೈಗೆ ಪೂರ್ತಿ ರೂಢಿಯಾದ ಬಳ್ಳಿ, ಎಲೆಯ ನಕ್ಷೆ ಇದ್ದು, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯುತ್ತಾ ಗಂಟೆಗಟ್ಟಲೆ ಕೂರಬೇಕಲ್ಲ, ಆಗ ಮಾತ್ರ ಉದ್ದದ ಕಥೆಯನ್ನೇ ಹಾಕಿ. ಕೈ ತನ್ನ ಪಾಡಿಗೆ ನಡೆಯುತ್ತದೆ, ಮನಸ್ಸಿಗೂ ಊಟ ಸಿಗುತ್ತದೆ. ಆರ್ಡರ್ ಲೆಕ್ಕ ಬರೆಯುವಾಗ ಆಫ್ ಮಾಡಿ. ಓದು ಬರಹದ ನಡುವೆ ಕಿವಿಗೆ ಬೇರೆ ಮಾತು ಬಿದ್ದರೆ ತಪ್ಪು ಜಾಸ್ತಿ ಆಗುತ್ತದೆ.

ಪಾಲಿಶ್ ಮಷಿನ್ ಮುಂದೆ ಇಯರ್‌ಫೋನ್ ಬೇಡವೇ ಬೇಡ. ಮಷಿನ್ ಸದ್ದು ಮೀರಿಸಲು ವಾಲ್ಯೂಮ್ ಏರಿಸುತ್ತೀರಿ, ಕಿವಿಗೆ ಎರಡೂ ಕಡೆಯ ಹೊಡೆತ ಅಲ್ವಾ? ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಏರಿದಷ್ಟೂ ಆ ಗಂಟೆ ಬೇಗ ಇಳಿಯುತ್ತದೆ. ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿ ಪಾತ್ರೆಗೆ ಕಪ್ಪು ಬಣ್ಣ ಬರಿಸುವಾಗಲೂ ಕಿವಿ ಖಾಲಿ ಇರಲಿ, ಬಿಸಿಯ ಕೆಲಸ ಅದು. ಉಳಿದ ಹೊತ್ತು ಒಂದೇ ಕಿವಿಗೆ ಹಾಕಿ. ಪಕ್ಕದವರಿಗೂ ಇಷ್ಟವಿದ್ದರೆ ಸ್ಪೀಕರ್‌ನಲ್ಲೇ ಹಾಕಿಬಿಡಿ, ಎಲ್ಲರೂ ಕೇಳಲಿ.