ಒಂದು ವಾರದಲ್ಲಿ ರೆಡ್‌ವುಡ್ ಕಾಡಿನ ಸೈಕಲ್ ಪ್ರವಾಸ: ಕ್ರೆಸೆಂಟ್ ಸಿಟಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಸಾಧ್ಯವೇ?

ಸೆಪ್ಟೆಂಬರಿನಲ್ಲಿ ಒಂದು ವಾರ ರಜೆ ಇದೆ, ನೀವೂ ನಿಮ್ಮ ಮನೆಯವರೂ ಟೆಂಟು ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಉತ್ತರ ತುದಿಯ ಕ್ರೆಸೆಂಟ್ ಸಿಟಿಯಿಂದ ಕರಾವಳಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಬೇಕು, ದಾರಿಯಲ್ಲಿ ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡನ್ನು ಕಣ್ತುಂಬ ನೋಡಬೇಕು ಎಂದು ಕೇಳಿದ್ದೀರಿ. ಒಂದು ವಾರದಲ್ಲಿ ಎರಡೂ ಆಗುವುದಿಲ್ಲ. ಆ ದಾರಿ 600 ಕಿ.ಮೀ.ಗೂ ಹೆಚ್ಚು. ಸಾಮಾನು ಹೊತ್ತ ಸೈಕಲ್ಲಿನಲ್ಲಿ ದಿನಾ 90 ಕಿ.ಮೀ. ತುಳಿದರೆ ಕಾಡು ಪಕ್ಕದಲ್ಲೇ ಸರಿದುಹೋಗುತ್ತದೆ, ಇಳಿದು ನಿಲ್ಲಲು ಹೊತ್ತಿರುವುದಿಲ್ಲ. ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ. ಬೇಸಿಗೆ ಮುಗಿಯುವ ಹೊತ್ತಿಗೆ ಸೈಕಲ್ ತೆಗೆದುಕೊಂಡು ಆ ಕಡೆ ಹೋಗುವುದು ರೂಢಿ. ನನ್ನ ಮಾತು ಕೇಳುವುದಾದರೆ ನಡುದಾರಿಯ ಗಾರ್ಬರ್‌ವಿಲ್ ಎಂಬ ಊರಿಗೆ ನಿಲ್ಲಿಸಿಬಿಡಿ. ಸುಮಾರು 250 ಕಿ.ಮೀ. ಆಗುತ್ತದೆ, ಒಂದು ವಾರಕ್ಕೆ ಅಷ್ಟು ಸಾಕು.

ಯಾಕೆ ಅಂದರೆ, ಒಂದು ಕಾಲಕ್ಕೆ 20 ಲಕ್ಷ ಎಕರೆಯಷ್ಟಿದ್ದ ಕರಾವಳಿ ರೆಡ್‌ವುಡ್ ಕಾಡಿನಲ್ಲಿ ಕೊಡಲಿ ತಾಗದೆ ಉಳಿದದ್ದು ನೂರಕ್ಕೆ ಐದರಷ್ಟು ಮಾತ್ರ. ಹೆದ್ದಾರಿಯ ಪಕ್ಕದಲ್ಲಿ ನಿಮಗೆ ಕಾಣುವ ರೆಡ್‌ವುಡ್‌ಗಳಲ್ಲಿ ಬಹಳಷ್ಟು ಕಡಿದ ಬುಡದಿಂದ ಮತ್ತೆ ಚಿಗುರಿದ ಎಳೆಯ ಮರಗಳು. ಸಾವಿರ ವರ್ಷ ದಾಟಿದ ಮರಗಳು ಬೇಕಾದರೆ ನಿಮ್ಮ ದಾರಿಯಲ್ಲಿ ಮುಖ್ಯವಾಗಿ ಮೂರು ಕಡೆ ಇವೆ: ಜೆಡಿಡಯಾ ಸ್ಮಿತ್, ಪ್ರೇರೀ ಕ್ರೀಕ್, ಹಂಬೋಲ್ಟ್ ರೆಡ್‌ವುಡ್ಸ್. ಮೂರೂ ಸ್ಟೇಟ್ ಪಾರ್ಕುಗಳು, ಗಾರ್ಬರ್‌ವಿಲ್‌ಗೆ ಮೊದಲೇ ಸಿಗುತ್ತವೆ. ದಿನಕ್ಕೆ ಇಷ್ಟು ಕಿ.ಮೀ. ಎಂದು ಲೆಕ್ಕ ಹಾಕುವ ಬದಲು ಈ ಮೂರು ಕಡೆ ಎಲ್ಲೆಲ್ಲಿ ಎರಡು ರಾತ್ರಿ ಉಳಿಯಬಹುದು ಎಂದು ಮೊದಲು ಗುರುತು ಹಾಕಿ. ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸಿ.

ಉತ್ತರದಿಂದ ದಕ್ಷಿಣಕ್ಕೆ ಹೋಗುವ ನಿಮ್ಮ ಯೋಚನೆ ಸರಿಯಾಗಿದೆ, ಅದನ್ನು ಬದಲಿಸಬೇಡಿ. ಬೇಸಿಗೆಯಲ್ಲಿ ಅಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ಮಧ್ಯಾಹ್ನದ ಮೇಲೆ ಇನ್ನೂ ಜೋರು. ಬೆನ್ನಿಗೆ ಗಾಳಿ ಇರಲಿ.

ತಂಗುವುದಕ್ಕೆ ಹೋಟೆಲ್ ಹುಡುಕಬೇಡಿ. ಈ ಸ್ಟೇಟ್ ಪಾರ್ಕುಗಳ ಕ್ಯಾಂಪುಗಳಲ್ಲಿ ನಡೆದು ಅಥವಾ ಸೈಕಲ್ ತುಳಿದು ಬಂದವರಿಗೆಂದೇ ಬೇರೆ ಜಾಗ ಇಟ್ಟಿರುತ್ತಾರೆ, ಹೈಕ್-ಬೈಕ್ ಸೈಟ್ ಅಂತ. ಮುಂಗಡ ಕಾಯ್ದಿರಿಸುವುದು ಬೇಡ, ತಲೆಗೆ ಕೆಲವೇ ಡಾಲರ್. ಕಾರಿನಲ್ಲಿ ಸೈಕಲ್ ಹೇರಿಕೊಂಡು ಬಂದವರಿಗೆ ಅದು ಸಿಗುವುದಿಲ್ಲ. ಒಂದೆರಡು ರಾತ್ರಿಗಿಂತ ಹೆಚ್ಚು ಇರಗೊಡುವುದೂ ಇಲ್ಲ. ಊಟದ ಸಾಮಾನು, ಟೂತ್‌ಪೇಸ್ಟ್, ಸೋಪು ಎಲ್ಲವನ್ನೂ ಕರಡಿಗೆ ಸಿಗದ ಕಬ್ಬಿಣದ ಪೆಟ್ಟಿಗೆಯೊಳಗೆ ಇಡಲೇಬೇಕು. ಕಪ್ಪು ಕರಡಿಗಳು ನಿಜಕ್ಕೂ ಬರುತ್ತವೆ.

ಮೊದಲ ದಿನ ಕ್ರೆಸೆಂಟ್ ಸಿಟಿಯಿಂದ ಜೆಡಿಡಯಾ ಸ್ಮಿತ್‌ಗೆ ಹೋವ್‌ಲ್ಯಾಂಡ್ ಹಿಲ್ ರಸ್ತೆಯಲ್ಲಿ ಹೋಗಿ. ಡಾಂಬರಿಲ್ಲದ, ಎರಡು ಕಾರು ಎದುರಾದರೆ ಒಂದು ಪಕ್ಕಕ್ಕೆ ನಿಲ್ಲಬೇಕಾದ ಕಿರುದಾರಿ. ಮರಗಳ ನಡುವೆ ಸಿಕ್ಕಷ್ಟೇ ಜಾಗದಲ್ಲಿ ತಿರುಗುತ್ತ ಸಾಗುತ್ತದೆ. ಟೈರು 35 ಮಿ.ಮೀ.ಗಿಂತ ಅಗಲ ಇದ್ದರೆ ಒಳ್ಳೆಯದು, ಗುಂಡಿಗಳಿವೆ. ಸ್ಟೌಟ್ ಗ್ರೋವ್ ಎಂಬ ಹಳೆಯ ಮರಗಳ ತೋಪಿನಲ್ಲಿ ಸೈಕಲ್ ನಿಲ್ಲಿಸಿ ನಡೆಯಿರಿ.

ಅಲ್ಲಿಂದ ದಕ್ಷಿಣಕ್ಕೆ ಕ್ಲಾಮತ್‌ವರೆಗಿನ 101 ಹೆದ್ದಾರಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಮನೆಯವರಿಗೆ ಲಾರಿಗಳ ಜೊತೆ ತುಳಿದು ಅಭ್ಯಾಸವಿಲ್ಲ ಎಂದಿದ್ದೀರಿ, ಹಾಗಾಗಿ ಈ ತುಂಡನ್ನು ಬಸ್ಸಿನಲ್ಲಿ ದಾಟಿ. ದೊಡ್ಡ ಏರು, ಹಲವು ಕಡೆ ರಸ್ತೆಯಂಚೇ ಇಲ್ಲ, ಮರದ ದಿಮ್ಮಿ ಹೊತ್ತ ಲಾರಿಗಳು, ಒಳಗೇ ವಾಸ ಮಾಡುವ, ಮನೆಯಷ್ಟು ದೊಡ್ಡ ಆರ್‌ವಿ ಗಾಡಿಗಳು. ಲಾಸ್ಟ್ ಚಾನ್ಸ್ ಗ್ರೇಡ್ ಎಂಬಲ್ಲಿ ಗುಡ್ಡವೇ ಸಮುದ್ರದ ಕಡೆ ಜಾರುತ್ತಿದೆ, ದಶಕಗಳಿಂದ ರಿಪೇರಿ ನಡೆದೇ ಇದೆ. ಕ್ರೆಸೆಂಟ್ ಸಿಟಿಯಿಂದ ಆರ್ಕೇಟಾಕ್ಕೆ ಹೋಗುವ ರೆಡ್‌ವುಡ್ ಕೋಸ್ಟ್ ಟ್ರಾನ್ಸಿಟ್ ಬಸ್ಸು ಕ್ಲಾಮತ್‌ನಲ್ಲಿ ನಿಲ್ಲುತ್ತದೆ, ಸೈಕಲ್ ಇಡಲು ಸ್ಟ್ಯಾಂಡೂ ಇದೆ.

ಕ್ಲಾಮತ್ ದಾಟಿ ಸ್ವಲ್ಪ ದೂರದಲ್ಲಿ ಹೆದ್ದಾರಿ ಬಿಟ್ಟು, ಪ್ರೇರೀ ಕ್ರೀಕ್ ಕಾಡಿನ ನಡುವೆ ಹೋಗುವ ನ್ಯೂಟನ್ ಬಿ. ಡ್ರೂರಿ ಪಾರ್ಕ್‌ವೇಗೆ ಹೊರಳಿ. 16 ಕಿ.ಮೀ. ರಸ್ತೆ. ಮೊದಲಿನ ಏರು ಮುಗಿದ ಮೇಲೆ ನಿಧಾನದ ಇಳಿಜಾರು. ಪೆಡಲ್ ತುಳಿಯದೆ, ಬ್ರೇಕ್ ಮೇಲೆ ಬೆರಳಿಟ್ಟುಕೊಂಡು ತಲೆ ಎತ್ತಿ ನೋಡುತ್ತ ಇಳಿಯಬಹುದು. ಎರಡೂ ಬದಿಗೆ ಬುಡದಿಂದ ನೂರಡಿಯವರೆಗೆ ಕೊಂಬೆಯೇ ಇಲ್ಲದ ಕಾಂಡಗಳು, ಕೆಳಗೆ ಎದೆಯೆತ್ತರದ ಜರೀಗಿಡ. ಮಂಜು ಕವಿದ ಬೆಳಿಗ್ಗೆ ಮಳೆಯಿಲ್ಲದಿದ್ದರೂ ರಸ್ತೆ ಒದ್ದೆಯಾಗಿರುತ್ತದೆ: ಮೇಲಿನ ಎಲೆಗಳು ಮಂಜನ್ನು ಹಿಡಿದು ಹನಿಯಾಗಿ ಉದುರಿಸುತ್ತವೆ. ಮಳೆ ಬಾರದ ಬೇಸಿಗೆಯಲ್ಲಿ ಈ ಮರಗಳಿಗೆ ಈ ನೀರೂ ಒಂದು ಆಸರೆ. ಉದುರಿದ ಎಲೆಗಡ್ಡಿಗಳು ಅಂಚಿನಲ್ಲಿ ಒದ್ದೆಯಾಗಿ ಬಿದ್ದಿರುತ್ತವೆ, ತಿರುವಿನಲ್ಲಿ ಅವುಗಳ ಮೇಲೆ ಬ್ರೇಕ್ ಒತ್ತಬೇಡಿ, ಜಾರುತ್ತದೆ. ಅಕ್ಟೋಬರಿನಿಂದ ಮೇವರೆಗೆ ತಿಂಗಳ ಮೊದಲ ಶನಿವಾರ ಈ ರಸ್ತೆಗೆ ಕಾರುಗಳನ್ನು ಬಿಡುವುದಿಲ್ಲ, ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ. ರಜೆಯನ್ನು ಅಕ್ಟೋಬರಿನ ಮೊದಲ ವಾರಕ್ಕೆ ತಳ್ಳಲು ಸಾಧ್ಯವಾದರೆ ದಯವಿಟ್ಟು ತಳ್ಳಿ. ದಿನಾಂಕವನ್ನು ಪಾರ್ಕಿನವರಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಇಳಿಜಾರು ಮುಗಿಯುವಲ್ಲಿ ಎಲ್ಕ್ ಪ್ರೇರೀ ಕ್ಯಾಂಪು. ಹುಲ್ಲುಗಾವಲಿನಲ್ಲಿ ರೂಸ್ವೆಲ್ಟ್ ಎಲ್ಕ್ ಎಂಬ ಭಾರೀ ಜಿಂಕೆಗಳು ಮೇಯುತ್ತಿರುತ್ತವೆ. ನೀವು ಹೋಗುವುದು ಅವುಗಳ ಬೆದೆಯ ಕಾಲ, ಗಂಡುಗಳಿಗೆ ಸಿಟ್ಟು ಹೆಚ್ಚು. ರಸ್ತೆಗೆ ಅಡ್ಡ ನಿಂತಿದ್ದರೆ ದೂರದಲ್ಲೇ ಸೈಕಲ್ ಇಳಿದು ಕಾಯಿರಿ, ಬೆಲ್ ಹೊಡೆಯಬೇಡಿ.

ಪ್ರಪಂಚದ ಅತಿ ಎತ್ತರದ ಮರ ಹೈಪೀರಿಯನ್ ಇಲ್ಲಿನ ರೆಡ್‌ವುಡ್ ರಾಷ್ಟ್ರೀಯ ಉದ್ಯಾನದಲ್ಲಿದೆ, ಸುಮಾರು 116 ಮೀಟರ್. ಅದನ್ನು ಹುಡುಕಿಕೊಂಡು ಹೋಗಬೇಡಿ. ಜನ ತುಳಿದು ತುಳಿದು ಬುಡದ ಸುತ್ತ ಜರೀಗಿಡವೂ ಉಳಿಯದೆ, 2022ರಲ್ಲಿ ಆ ಜಾಗವನ್ನೇ ಮುಚ್ಚಿದ್ದಾರೆ. ದಂಡ 5,000 ಡಾಲರ್‌ವರೆಗೆ, ಜೈಲೂ ಆಗಬಹುದು.

ಮುಂದೆ ಸೂ-ಮೆಗ್ ಪಾರ್ಕಿನಲ್ಲಿ ಒಂದು ರಾತ್ರಿ, ಆರ್ಕೇಟಾ, ಯುರೇಕಾ. ಆರ್ಕೇಟಾ ಸಮೀಪಿಸಿದಾಗ ಹೆದ್ದಾರಿ ಬಿಟ್ಟು ಹ್ಯಾಮಂಡ್ ಟ್ರೇಲ್ ಎಂಬ ಸೈಕಲ್ ದಾರಿ ಹಿಡಿಯಿರಿ. ಸಸ್ಯಾಹಾರಿಗಳಾದ್ದರಿಂದ ಇಲ್ಲಿನ ನಾರ್ತ್ ಕೋಸ್ಟ್ ಕೋ-ಆಪ್ ಅಂಗಡಿಯಲ್ಲಿ ಅಕ್ಕಿ, ಬೇಳೆ, ಒಣಹಣ್ಣು ತುಂಬಿಸಿಕೊಳ್ಳಿ, ಮುಂದಿನ ಊರುಗಳಲ್ಲಿ ಆಯ್ಕೆ ಕಡಿಮೆ. ಮನೆಯಿಂದ ತೆಳು ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಒಲೆ ಹಚ್ಚಲು ಬೇಸರವಾದ ರಾತ್ರಿ ಅದೇ ಊಟ.

ಆಮೇಲೆ ಹಂಬೋಲ್ಟ್ ರೆಡ್‌ವುಡ್ಸ್ ನಡುವೆ ಸಾಗುವ ಅವೆನ್ಯೂ ಆಫ್ ದಿ ಜಯಂಟ್ಸ್. ಪೆಪ್ಪರ್‌ವುಡ್‌ನಿಂದ ಫಿಲಿಪ್ಸ್‌ವಿಲ್‌ವರೆಗೆ 50 ಕಿ.ಮೀ., ಈಲ್ ನದಿಯ ಗುಂಟ ಹೋಗುವ ಹಳೆಯ ರಸ್ತೆ. ಅವಸರದ ಗಾಡಿಗಳೆಲ್ಲ ಪಕ್ಕದ 101ರಲ್ಲಿ ಓಡುವುದರಿಂದ ಇಲ್ಲಿ ಸಮಾಧಾನವಾಗಿ ತುಳಿಯಬಹುದು. ಬೆಳಿಗ್ಗೆ ಶುರುಮಾಡಿದರೆ ಸಂಜೆಗೆ ಮುಗಿಸಿಬಿಡಬಹುದು, ಆದರೆ ಹಾಗೆ ಮಾಡಬೇಡಿ. ವೀಯಟ್ ಬಳಿಯ ಬರ್ಲಿಂಗ್ಟನ್ ಕ್ಯಾಂಪಿನಲ್ಲಿ ಎರಡು ರಾತ್ರಿ ಇದ್ದು, ಸಾಮಾನು ಅಲ್ಲೇ ಬಿಟ್ಟು, ಖಾಲಿ ಸೈಕಲ್ಲಿನಲ್ಲಿ ಮಟೋಲ್ ರಸ್ತೆ ಹಿಡಿದು ರಾಕ್‌ಫೆಲ್ಲರ್ ಫಾರೆಸ್ಟ್‌ಗೆ ಹೋಗಿ. ಕರಾವಳಿ ರೆಡ್‌ವುಡ್‌ಗಳ ಹಳೆಯ ಕಾಡು ತುಂಡಾಗದೆ ಒಟ್ಟಿಗೆ ಉಳಿದಿರುವುದರಲ್ಲಿ ಇದೇ ಅತಿ ದೊಡ್ಡದು. ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ವೀಯಟ್‌ನಲ್ಲಿ ರಸ್ತೆ ಪಕ್ಕದ ಕಂಬದ ತುದಿ ನೋಡಿ: 1964ರ ಡಿಸೆಂಬರ್ ನೆರೆಯಲ್ಲಿ ಈಲ್ ನದಿ ಏರಿದ ಮಟ್ಟವನ್ನು ಅಲ್ಲಿ ಗುರುತು ಮಾಡಿದ್ದಾರೆ. ಫೌಂಡರ್ಸ್ ಗ್ರೋವ್‌ನಲ್ಲಿ 1991ರ ಮಾರ್ಚ್‌ನಲ್ಲಿ ಉರುಳಿದ ಡೈಯರ್‌ವಿಲ್ ಜಯಂಟ್ ಎಂಬ ದೈತ್ಯ ಮರ ಈಗಲೂ ಬಿದ್ದಲ್ಲೇ ಇದೆ. ಅದರ ಕಿತ್ತೆದ್ದ ಬೇರಿನ ಎದುರು ನಿಂತರೆ ಅಚ್ಚರಿಯಾಗುತ್ತದೆ: ಅಷ್ಟೆತ್ತರದ ಮರಕ್ಕೆ ಆಳದ ತಾಯಿಬೇರೇ ಇಲ್ಲ. ಬೇರುಗಳು ಆಳಕ್ಕಿಳಿಯದೆ ಅಡ್ಡಡ್ಡ ಹರಡಿ, ಅಕ್ಕಪಕ್ಕದ ಮರಗಳ ಬೇರಿನೊಂದಿಗೆ ಹೆಣೆದುಕೊಳ್ಳುತ್ತವೆ.

ಒಂದು ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಸಿಲಿನಿಂದ ಈ ಕಾಡಿನ ನೆರಳಿಗೆ ನುಗ್ಗುವ ಡ್ರೈವರಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ನಟ್ಟನಡು ಹಗಲಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ, ಮೇಲೆ ಹೊಳೆಯುವ ಜಾಕೆಟ್ ಇರಲಿ. ನೀವೂ ತಂಪು ಕನ್ನಡಕ ತೆಗೆದೇ ಒಳಗೆ ಹೋಗಿ, ಇಲ್ಲದಿದ್ದರೆ ರಸ್ತೆಯ ಬಿರುಕು ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ವಾಪಸಾತಿಗೆ ಹೀಗೆ ಮಾಡಿ: ಕಾರನ್ನು ಯುರೇಕಾ ಅಥವಾ ಆರ್ಕೇಟಾದಲ್ಲಿ ಬಿಟ್ಟು, ಆರ್ಕೇಟಾದಿಂದ ಬಸ್ಸಿನಲ್ಲಿ ಕ್ರೆಸೆಂಟ್ ಸಿಟಿಗೆ ಹೋಗಿ ಪ್ರವಾಸ ಶುರುಮಾಡಿ. ಗಾರ್ಬರ್‌ವಿಲ್ ತಲುಪಿದ ಮೇಲೆ ಹಂಬೋಲ್ಟ್ ಟ್ರಾನ್ಸಿಟ್ ಬಸ್ಸಿನಲ್ಲಿ ಯುರೇಕಾಕ್ಕೆ ಮರಳಿ. ಬಸ್ಸಿನ ಮುಂದಿನ ಸ್ಟ್ಯಾಂಡಿನಲ್ಲಿ ಎರಡು ಮೂರು ಸೈಕಲ್ ಮಾತ್ರ ಹಿಡಿಸುತ್ತವೆ, ಮೊದಲು ಬಂದವರಿಗೆ ಜಾಗ. ಹಾಗಾಗಿ ದಿನದ ಕೊನೆಯ ಬಸ್ಸನ್ನು ನಂಬಿಕೊಳ್ಳಬೇಡಿ. ವಾರಾಂತ್ಯದ ವೇಳಾಪಟ್ಟಿ ಬೇರೆ ಇರುತ್ತದೆ, ಹೊರಡುವ ವಾರ ಫೋನ್ ಮಾಡಿ ಕೇಳಿಕೊಳ್ಳಿ.